ಬೇಸಿಗೆಯಲ್ಲಿ ಸಾಕುನಾಯಿಗಳ ಪಾದಗಳ ರಕ್ಷಣೆ ಹಾಗೂ ಶಾಖಾಘಾತ ತಡೆಗಟ್ಟುವಿಕೆ: ಸಾರ್ವಜನಿಕರಿಗೆ ಮಾಹಿತಿ

ಪೀಠಿಕೆ

ರಾಜ್ಯದಲ್ಲಿ ಮಾರ್ಚ್‌ನಿಂದ ಮೇ ಅಂತ್ಯದವರೆಗಿನ ಅವಧಿಯು ಬೇಸಿಗೆಯಾಗಿರುತ್ತದೆ. ಕಲಬುರಗಿ, ರಾಯಚೂರು, ಯಾದಗಿರಿ, ಬಳ್ಳಾರಿ, ವಿಜಯಪುರ ಹಾಗೂ ಬಾಗಲಕೋಟೆ ಜಿಲ್ಲೆಗಳಲ್ಲಿ ಈ ಅವಧಿಯಲ್ಲಿ ಹಗಲಿನ ಉಷ್ಣಾಂಶವು 40 ಡಿಗ್ರಿ ಸೆಲ್ಸಿಯಸ್ ಮೀರುವುದು ಸಾಮಾನ್ಯವಾಗಿದೆ. ತಂಪಾದ ಹವಾಗುಣಕ್ಕೆ ಹೆಸರಾದ ಬೆಂಗಳೂರಿನಲ್ಲಿಯೂ 2016ರ ಏಪ್ರಿಲ್ ತಿಂಗಳಿನಲ್ಲಿ 39.2 ಡಿಗ್ರಿ ಉಷ್ಣಾಂಶ ದಾಖಲಾಗಿತ್ತು. ಕರಾವಳಿ ಜಿಲ್ಲೆಗಳಲ್ಲಿ ಉಷ್ಣಾಂಶವು ಇದಕ್ಕಿಂತ ಕಡಿಮೆ ಇದ್ದರೂ ಗಾಳಿಯಲ್ಲಿನ ತೇವಾಂಶವು ಅಧಿಕವಾಗಿರುತ್ತದೆ.

ಬೇಸಿಗೆಯಲ್ಲಿ ಸಾಕುನಾಯಿಗಳಿಗೆ ಮುಖ್ಯವಾಗಿ ಎರಡು ಬಗೆಯ ಅಪಾಯಗಳು ಎದುರಾಗುತ್ತವೆ. ಒಂದು, ಕಾದ ನೆಲದ ಮೇಲೆ ನಡೆಯುವುದರಿಂದ ಉಂಟಾಗುವ ಪಾದಗಳ ಸುಟ್ಟಗಾಯ. ಇನ್ನೊಂದು, ದೇಹದ ಉಷ್ಣಾಂಶವು ಮಿತಿಮೀರಿ ಏರುವ ಶಾಖಾಘಾತ. ಸುಟ್ಟಗಾಯವು ಪ್ರಾಣಿಯನ್ನು ವಾರಗಟ್ಟಲೆ ನರಳಿಸುತ್ತದೆ. ಶಾಖಾಘಾತವು ಕೆಲವೇ ಗಂಟೆಗಳಲ್ಲಿ ಪ್ರಾಣ ತೆಗೆಯಬಲ್ಲದು. ಇವೆರಡನ್ನೂ ಮಾಲೀಕರ ಮುನ್ನೆಚ್ಚರಿಕೆಯಿಂದ ಬಹುಮಟ್ಟಿಗೆ ತಡೆಗಟ್ಟಬಹುದಾಗಿದೆ. ನಾಯಿಯನ್ನು ಯಾವ ಸಮಯದಲ್ಲಿ, ಯಾವ ನೆಲದ ಮೇಲೆ ನಡೆಸಬೇಕೆಂಬ ನಿರ್ಧಾರವು ಸಂಪೂರ್ಣವಾಗಿ ಮಾಲೀಕರ ಕೈಯಲ್ಲಿದೆ. ಹಗ್ಗ ಹಿಡಿದವರು ನಡೆದಷ್ಟು ದೂರವೂ ನಾಯಿ ಹಿಂಬಾಲಿಸುತ್ತದೆ. ಕಾಲು ಸುಡುತ್ತಿದ್ದರೂ ನಿಲ್ಲದಿರಬಹುದು. ಆದುದರಿಂದ ಈ ಕೆಳಕಂಡ ಮಾಹಿತಿಯನ್ನು ಸಾರ್ವಜನಿಕರ ತಿಳುವಳಿಕೆಗಾಗಿ ನೀಡಲಾಗಿದೆ.

1. ನಾಯಿಯ ಪಾದದ ರಚನೆ

ನಾಯಿಯ ಪ್ರತಿಯೊಂದು ಪಾದದಡಿಯಲ್ಲಿ ಬೆರಳುಗಳಿಗೆ ಸೇರಿದ ನಾಲ್ಕು ಸಣ್ಣ ಮೆತ್ತೆಗಳು ಹಾಗೂ ಮಧ್ಯದಲ್ಲಿ ಒಂದು ದೊಡ್ಡ ಮೆತ್ತೆ ಇರುತ್ತವೆ. ಮುಂಗಾಲುಗಳಲ್ಲಿ ಇವುಗಳಿಗಿಂತ ಮೇಲೆ, ಮಣಿಕಟ್ಟಿನ ಹಿಂಬದಿಯಲ್ಲಿ ಇನ್ನೊಂದು ಚಿಕ್ಕ ಮೆತ್ತೆಯೂ ಇರುತ್ತದೆ. ಮೆತ್ತೆಯ ಹೊರಪದರವು ದಪ್ಪ ಚರ್ಮದಿಂದಲೂ, ಒಳಭಾಗವು ಕೊಬ್ಬಿನ ಅಂಗಾಂಶದಿಂದಲೂ ಕೂಡಿದ್ದು, ನಡೆಯುವಾಗ ಮತ್ತು ಜಿಗಿಯುವಾಗ ದೇಹದ ಭಾರವನ್ನು ತಡೆದುಕೊಳ್ಳುತ್ತದೆ. ಈ ಭಾಗದಲ್ಲಿ ರಕ್ತನಾಳಗಳೂ ನರಗಳೂ ಹೇರಳವಾಗಿವೆ.

ಈ ಚರ್ಮವು ದೇಹದ ಇತರ ಭಾಗದ ಚರ್ಮಕ್ಕಿಂತ ಗಟ್ಟಿಯಾಗಿರುವುದರಿಂದ ಅದಕ್ಕೆ ಬಿಸಿ ತಾಗುವುದಿಲ್ಲವೆಂಬ ಭಾವನೆ ಸಾಮಾನ್ಯವಾಗಿದೆ. ಇದು ಸರಿಯಲ್ಲ. ದಪ್ಪ ಚರ್ಮವು ಕಲ್ಲು ಮತ್ತು ಒರಟು ನೆಲದ ಸವೆತವನ್ನು ತಡೆಯುತ್ತದೆಯೇ ಹೊರತು ಹೆಚ್ಚಿನ ಶಾಖವನ್ನು ಬಹಳ ಹೊತ್ತು ತಡೆಯಲಾರದು. ಮರಿಗಳ ಮೆತ್ತೆಗಳು ಹಾಗೂ ಸದಾ ಮನೆಯ ಒಳಗೆ, ನುಣುಪಾದ ನೆಲದ ಮೇಲೆ ಬೆಳೆದ ನಾಯಿಗಳ ಮೆತ್ತೆಗಳು ಇನ್ನೂ ಮೃದುವಾಗಿರುತ್ತವೆ. ನೀರಿನಲ್ಲಿ ನೆನೆದ ಮೆತ್ತೆಯು ಮೆದುವಾಗುವುದರಿಂದ ಸುಲಭವಾಗಿ ಗಾಯಗೊಳ್ಳುತ್ತದೆ. ಆದ್ದರಿಂದ ಸ್ನಾನ ಮಾಡಿಸಿದ ಕೂಡಲೇ ಒಣಗಲೆಂದು ನಾಯಿಯನ್ನು ಬಿಸಿಲಿನ ತಾರಸಿಗೆ ಬಿಡುವ ಪದ್ಧತಿಯನ್ನು ಕೈಬಿಡತಕ್ಕದ್ದು.

2. ಗಾಳಿಯ ಉಷ್ಣಾಂಶ ಮತ್ತು ನೆಲದ ಉಷ್ಣಾಂಶ

ಹವಾಮಾನ ವರದಿಯಲ್ಲಿ ಪ್ರಕಟವಾಗುವ ಉಷ್ಣಾಂಶವು ನೆರಳಿನಲ್ಲಿರುವ ಗಾಳಿಯದ್ದಾಗಿರುತ್ತದೆ. ನೇರ ಬಿಸಿಲಿಗೆ ಒಡ್ಡಿಕೊಂಡ ನೆಲದ ಉಷ್ಣಾಂಶವು ಇದಕ್ಕಿಂತ ಬಹಳ ಹೆಚ್ಚಾಗಿರುತ್ತದೆ. ಕಪ್ಪು ಬಣ್ಣದ ಡಾಂಬರು ರಸ್ತೆಯು ಬಿಸಿಲನ್ನು ಹೀರಿಕೊಂಡು ಹಿಡಿದಿಟ್ಟುಕೊಳ್ಳುತ್ತದೆ. ಗಾಳಿ ಬೀಸದ ಪ್ರಖರ ಬಿಸಿಲಿನ ದಿನದಲ್ಲಿ, ಗಾಳಿಯ ಉಷ್ಣಾಂಶ 25 ಡಿಗ್ರಿ ಇದ್ದಾಗಲೇ ಡಾಂಬರಿನ ಮೇಲ್ಮೈ 50 ಡಿಗ್ರಿಯನ್ನು ದಾಟಬಲ್ಲದು. ಗಾಳಿಯ ಉಷ್ಣಾಂಶ 30 ಡಿಗ್ರಿ ಮೀರಿದಾಗ ಅದು 60 ಡಿಗ್ರಿಯ ಆಸುಪಾಸಿಗೆ ತಲುಪಬಹುದು. ಮನುಷ್ಯರ ಚರ್ಮವು 60 ಡಿಗ್ರಿಯಷ್ಟು ಕಾದ ವಸ್ತುವನ್ನು ಕೆಲವೇ ಸೆಕೆಂಡುಗಳ ಕಾಲ ಮುಟ್ಟಿದರೂ ಸುಡುತ್ತದೆ. ಇಂತಹ ರಸ್ತೆಯಲ್ಲಿ ಬರಿಗಾಲಿನಲ್ಲಿ ನಡೆಯಲು ಯಾರೂ ಒಪ್ಪುವುದಿಲ್ಲ. ನಾಯಿಯು ನಡೆಯುವುದು ಬರಿಗಾಲಿನಲ್ಲಿಯೇ ಎಂಬುದನ್ನು ಗಮನದಲ್ಲಿರಿಸಿಕೊಳ್ಳಬೇಕು.

ಆದುದರಿಂದ ಬೆಂಗಳೂರು, ಮೈಸೂರು, ಹಾಸನದಂತಹ ಸ್ಥಳಗಳಲ್ಲಿ ಹವೆ ಹಿತವಾಗಿದೆ ಎನಿಸಿದ ದಿನದಂದು ಸಹ ರಸ್ತೆಯು ಅಪಾಯಕಾರಿಯಾಗಿರಬಹುದು. ಡಾಂಬರು ರಸ್ತೆಯಲ್ಲದೆ ಈ ಕೆಳಕಂಡ ನೆಲಗಳ ಬಗ್ಗೆಯೂ ಎಚ್ಚರ ವಹಿಸತಕ್ಕದ್ದು:

ಅ) ಕಾಂಕ್ರೀಟ್ ರಸ್ತೆ, ಪಾದಚಾರಿ ಮಾರ್ಗದ ಇಂಟರ್‌ಲಾಕ್ ಟೈಲ್ಸ್ ಹಾಗೂ ಮನೆಯ ತಾರಸಿ.
ಆ) ಅಂಗಳಕ್ಕೆ ಹಾಸಿದ ಶಹಾಬಾದ್ ಕಲ್ಲು, ಗ್ರಾನೈಟ್ ಹಾಗೂ ಚಪ್ಪಡಿ ಕಲ್ಲುಗಳು.
ಇ) ಕಬ್ಬಿಣದ ಜಾಲರಿ, ಚರಂಡಿಯ ಮುಚ್ಚಳ ಮತ್ತು ಸರಕು ವಾಹನಗಳ ಲೋಹದ ತಳ.
ಈ) ಸಮುದ್ರತೀರದ ಒಣ ಮರಳು ಹಾಗೂ ಬಯಲುಸೀಮೆಯ ಕಾದ ಎರೆಭೂಮಿ.

ಹುಲ್ಲು ಬೆಳೆದ ನೆಲ ಮತ್ತು ಮರದ ನೆರಳಿನಲ್ಲಿರುವ ಮಣ್ಣಿನ ನೆಲವು ಇವುಗಳಿಗಿಂತ ತಂಪಾಗಿರುತ್ತವೆ.

3. ನೆಲವನ್ನು ಪರೀಕ್ಷಿಸುವ ಸರಳ ವಿಧಾನ

ನಾಯಿಯನ್ನು ಹೊರಗೆ ಕರೆದೊಯ್ಯುವ ಮೊದಲು ಅಂಗೈಯ ಹಿಂಭಾಗವನ್ನು ನೆಲದ ಮೇಲೆ ಒತ್ತಿ 7 ಸೆಕೆಂಡುಗಳವರೆಗೆ ಇರಿಸಬೇಕು. ಅಷ್ಟು ಕಾಲ ಹಿತವಾಗಿ ಇರಿಸಲು ಸಾಧ್ಯವಾಗದಿದ್ದಲ್ಲಿ ಆ ನೆಲವು ನಾಯಿಯ ಪಾದಕ್ಕೂ ತಕ್ಕುದಲ್ಲ. ಈ ಪರೀಕ್ಷೆಯನ್ನು ಮನೆಯ ಮುಂದಿನ ನೆರಳಿನಲ್ಲಿ ಮಾಡದೆ, ನಾಯಿ ನಡೆಯಲಿರುವ ದಾರಿಯ ಬಿಸಿಲು ಬೀಳುವ ಭಾಗದಲ್ಲಿ ಮಾಡತಕ್ಕದ್ದು.

4. ಹೊರಗೆ ಕರೆದೊಯ್ಯುವ ಸಮಯ

ಬೇಸಿಗೆಯಲ್ಲಿ ನಾಯಿಯನ್ನು ನಡೆಸಲು ಬೆಳಗಿನ ಜಾವವೇ ಅತ್ಯಂತ ಸೂಕ್ತವಾದ ಕಾಲವಾಗಿದೆ. ರಾತ್ರಿಯಿಡೀ ತಣಿದ ನೆಲವು ಸೂರ್ಯೋದಯದ ಹೊತ್ತಿಗೆ ತಂಪಾಗಿರುತ್ತದೆ. ಸಂಜೆಯ ವೇಳೆಯಲ್ಲಿ ಹಲವರು ತಪ್ಪು ಅಂದಾಜು ಮಾಡುತ್ತಾರೆ. ಸಂಜೆ 5 ಗಂಟೆಗೆ ಬಿಸಿಲಿನ ಝಳ ಇಳಿದಂತೆ ಕಂಡರೂ ದಿನವಿಡೀ ಕಾದ ಡಾಂಬರು ಮತ್ತು ಕಾಂಕ್ರೀಟ್ ನಿಧಾನವಾಗಿ ತಣಿಯುತ್ತವೆ. ಸೂರ್ಯಾಸ್ತವಾಗಿ ಒಂದೆರಡು ಗಂಟೆಗಳು ಕಳೆದ ನಂತರ, ಕೈಯಿಂದ ಪರೀಕ್ಷಿಸಿಯೇ ಹೊರಡುವುದು ಸೂಕ್ತ.

ಮಧ್ಯಾಹ್ನದ ವೇಳೆ ಮಲಮೂತ್ರ ವಿಸರ್ಜನೆಗಾಗಿ ಹೊರಗೆ ಬಿಡುವುದು ಅನಿವಾರ್ಯವಾದಲ್ಲಿ ನೆರಳಿರುವ ಮಣ್ಣಿನ ಜಾಗಕ್ಕೆ ಮಾತ್ರ ಕರೆದೊಯ್ದು ಕೆಲವೇ ನಿಮಿಷಗಳಲ್ಲಿ ಹಿಂತಿರುಗಬೇಕು. ಸಣ್ಣ ನಾಯಿಯಾಗಿದ್ದಲ್ಲಿ ಕಾದ ರಸ್ತೆಯನ್ನು ಎತ್ತಿಕೊಂಡು ದಾಟಿಸುವುದು ಉತ್ತಮ. ದ್ವಿಚಕ್ರ ವಾಹನ ಅಥವಾ ಸೈಕಲ್ ಓಡಿಸುತ್ತಾ ನಾಯಿಯನ್ನು ಜೊತೆಯಲ್ಲಿ ಓಡಿಸುವುದನ್ನು ಬೇಸಿಗೆಯಲ್ಲಿ ಸಂಪೂರ್ಣವಾಗಿ ನಿಲ್ಲಿಸತಕ್ಕದ್ದು. ಇದರಿಂದ ಮೆತ್ತೆಗಳು ಸವೆದು ಸುಡುವುದಲ್ಲದೆ ಶಾಖಾಘಾತಕ್ಕೂ ದಾರಿಯಾಗುತ್ತದೆ.

5. ಪಾದಗಳ ದೈನಂದಿನ ಆರೈಕೆ

ಅ) ಪ್ರತಿದಿನ ಹೊರಗಿನಿಂದ ಬಂದ ನಂತರ ನಾಲ್ಕೂ ಪಾದಗಳನ್ನು ತಣ್ಣೀರಿನಿಂದ ತೊಳೆದು, ಬೆರಳುಗಳ ಸಂದಿಯವರೆಗೂ ಒಣ ಬಟ್ಟೆಯಿಂದ ಒರೆಸಬೇಕು. ತೇವ ಉಳಿದಲ್ಲಿ ಸಂದಿಗಳಲ್ಲಿ ಸೋಂಕು ಉಂಟಾಗುತ್ತದೆ.

ಆ) ಬೆರಳುಗಳ ಸಂದಿಯಲ್ಲಿ ಉಣ್ಣೆಗಳು, ನೆಗ್ಗಿಲು ಮುಳ್ಳು, ಜಾಲಿ ಮುಳ್ಳು, ಒಣ ಹುಲ್ಲಿನ ಚೂಪಾದ ತೆನೆ ಹಾಗೂ ಕರಗಿ ಅಂಟಿದ ಡಾಂಬರು ಇವೆಯೇ ಎಂಬುದನ್ನು ಪರಿಶೀಲಿಸಬೇಕು. ಅಂಟಿದ ಡಾಂಬರನ್ನು ಸೀಮೆಎಣ್ಣೆ, ಪೆಟ್ರೋಲ್ ಅಥವಾ ಟರ್ಪೆಂಟೈನ್‌ನಿಂದ ತೆಗೆಯಬಾರದು. ಇವು ಚರ್ಮವನ್ನು ಸುಡುತ್ತವೆ. ನಾಯಿಯು ನೆಕ್ಕಿದಲ್ಲಿ ವಿಷವಾಗುತ್ತವೆ. ಅಡುಗೆ ಎಣ್ಣೆಯನ್ನು ಸವರಿ ಮೆದುವಾದ ನಂತರ ಸಾಬೂನು ನೀರಿನಿಂದ ತೊಳೆಯಬೇಕು.

ಇ) ಒಣಗಿ ಬಿರುಕು ಬಿಟ್ಟ ಮೆತ್ತೆಗಳಿಗೆ ರಾತ್ರಿ ವೇಳೆ ತೆಳುವಾಗಿ ಕೊಬ್ಬರಿ ಎಣ್ಣೆಯನ್ನು ಸವರಬಹುದು. ಆದರೆ ಎಣ್ಣೆ ಅಥವಾ ಮುಲಾಮು ಸವರಿದ ಮಾತ್ರಕ್ಕೆ ಕಾದ ರಸ್ತೆಯಿಂದ ರಕ್ಷಣೆ ದೊರೆಯುವುದಿಲ್ಲ.

ಈ) ನಾಯಿಗಳಿಗಾಗಿಯೇ ತಯಾರಿಸಿದ ಪಾದರಕ್ಷೆಗಳು ಮಾರುಕಟ್ಟೆಯಲ್ಲಿ ಲಭ್ಯವಿವೆ. ಅವು ಅಳತೆಗೆ ಸರಿಹೊಂದುವಂತಿದ್ದು ಗಟ್ಟಿ ತಳವನ್ನು ಹೊಂದಿರಬೇಕು. ಮೊದಲಿಗೆ ಮನೆಯ ಒಳಗೆ ಎರಡು ಮೂರು ನಿಮಿಷಗಳ ಕಾಲ ತೊಡಿಸಿ ರೂಢಿ ಮಾಡಿಸಬೇಕು. ನಾಯಿಯ ಪಾದದಡಿಯಲ್ಲಿ ಬೆವರು ಗ್ರಂಥಿಗಳಿರುವುದರಿಂದ ಮನೆಗೆ ಬಂದ ಕೂಡಲೇ ಅವುಗಳನ್ನು ಬಿಚ್ಚಿಡಬೇಕು. ಪಾದರಕ್ಷೆ ತೊಡಿಸಿದ ಮಾತ್ರಕ್ಕೆ ನಡುಮಧ್ಯಾಹ್ನ ನಡೆಸಬಹುದೆಂದು ಭಾವಿಸಬಾರದು. ಪಾದ ಸುಡದಿದ್ದರೂ ದೇಹ ಕಾಯುತ್ತದೆ.

6. ಪಾದ ಸುಟ್ಟಿರುವ ಲಕ್ಷಣಗಳು ಮತ್ತು ಪ್ರಥಮ ಚಿಕಿತ್ಸೆ

ನಾಯಿಯು ಕುಂಟುವುದು, ನಡೆಯಲು ನಿರಾಕರಿಸುವುದು, ನೆರಳು ಕಂಡಲ್ಲಿ ಕುಳಿತುಬಿಡುವುದು, ಪಾದವನ್ನು ಪದೇಪದೇ ನೆಕ್ಕುವುದು ಇವು ಮೊದಲ ಲಕ್ಷಣಗಳಾಗಿವೆ. ಮೆತ್ತೆಯು ಕೆಂಪಾಗುವುದು ಅಥವಾ ಎಂದಿಗಿಂತ ಕಪ್ಪಾಗುವುದು, ಬೊಬ್ಬೆ ಏಳುವುದು, ಚರ್ಮ ಸುಲಿದು ಒಳಗಿನ ಕೆಂಪು ಮಾಂಸ ಕಾಣುವುದು ತೀವ್ರ ಗಾಯದ ಲಕ್ಷಣಗಳು. ಬೊಬ್ಬೆಗಳು ಕೆಲವು ಗಂಟೆಗಳ ನಂತರ ಕಾಣಿಸಿಕೊಳ್ಳಬಹುದಾದ್ದರಿಂದ ಅನುಮಾನವಿದ್ದಲ್ಲಿ ಮರುದಿನವೂ ಪಾದಗಳನ್ನು ಪರೀಕ್ಷಿಸಬೇಕು.

ಕೈಗೊಳ್ಳಬೇಕಾದ ಕ್ರಮಗಳು:

ಅ) ನಾಯಿಯನ್ನು ಕೂಡಲೇ ಬಿಸಿ ನೆಲದಿಂದ ಎತ್ತಿ ಅಥವಾ ಹುಲ್ಲಿನ ಮೇಲೆ ನಡೆಸಿ ನೆರಳಿಗೆ ತರಬೇಕು.
ಆ) ಸುಟ್ಟ ಪಾದಗಳ ಮೇಲೆ ಹರಿಯುವ ತಣ್ಣೀರನ್ನು 10ರಿಂದ 20 ನಿಮಿಷಗಳವರೆಗೆ ಬಿಡಬೇಕು. ಮಧ್ಯಾಹ್ನದ ವೇಳೆ ಮೇಲಿನ ತೊಟ್ಟಿಯ ನೀರು ಮತ್ತು ಬಿಸಿಲಿನಲ್ಲಿರುವ ಪೈಪಿನ ನೀರು ಕಾದಿರುತ್ತದೆ. ಆದ್ದರಿಂದ ಮೊದಲು ಕೈಯಿಂದ ಮುಟ್ಟಿ ನೋಡಿ, ಬಿಸಿ ನೀರು ಹರಿದುಹೋದ ನಂತರ ಬಳಸಬೇಕು.
ಇ) ನಂತರ ಸ್ವಚ್ಛವಾದ ಹತ್ತಿ ಬಟ್ಟೆಯನ್ನು ಸಡಿಲವಾಗಿ ಸುತ್ತಿ, ನೆಕ್ಕದಂತೆ ನೋಡಿಕೊಂಡು ಪಶುವೈದ್ಯರಲ್ಲಿಗೆ ಕರೆದೊಯ್ಯಬೇಕು.

ಮಾಡಬಾರದ ಕ್ರಮಗಳು:

ಅ) ಗಾಯದ ಮೇಲೆ ಮಂಜುಗಡ್ಡೆಯನ್ನು ನೇರವಾಗಿ ಇಡಬಾರದು.
ಆ) ತುಪ್ಪ, ಬೆಣ್ಣೆ, ಟೂತ್‌ಪೇಸ್ಟ್, ಸುಣ್ಣ ಅಥವಾ ಕಾಫಿಪುಡಿಯನ್ನು ಹಚ್ಚಬಾರದು. ಬೊಬ್ಬೆಗಳನ್ನು ಒಡೆಯಬಾರದು.
ಇ) ಮನುಷ್ಯರಿಗೆ ನೀಡುವ ಪ್ಯಾರಾಸಿಟಮಾಲ್, ಐಬುಪ್ರೊಫೆನ್ ಮುಂತಾದ ನೋವು ನಿವಾರಕ ಮಾತ್ರೆಗಳನ್ನು ಪಶುವೈದ್ಯರ ಸಲಹೆಯಿಲ್ಲದೆ ನೀಡಬಾರದು. ಇವು ನಾಯಿಗಳಲ್ಲಿ ಯಕೃತ್ತು, ಜಠರ ಹಾಗೂ ಮೂತ್ರಪಿಂಡಗಳಿಗೆ ಹಾನಿ ಉಂಟುಮಾಡುತ್ತವೆ.

ನೋವಿನಲ್ಲಿರುವ ನಾಯಿಯು ಮಾಲೀಕರನ್ನೂ ಕಚ್ಚಬಹುದು. ಕಚ್ಚಿದಲ್ಲಿ ಗಾಯವನ್ನು ಸಾಬೂನು ಮತ್ತು ಹರಿಯುವ ನೀರಿನಿಂದ 15 ನಿಮಿಷ ತೊಳೆದು, ತಡಮಾಡದೆ ಹತ್ತಿರದ ಸರ್ಕಾರಿ ಆಸ್ಪತ್ರೆಗೆ ತೆರಳಬೇಕು.

7. ಶಾಖಾಘಾತ

ಮನುಷ್ಯರು ಮೈಯೆಲ್ಲಾ ಬೆವರಿ ದೇಹವನ್ನು ತಂಪಾಗಿಸಿಕೊಳ್ಳುತ್ತಾರೆ. ನಾಯಿಯ ಪಾದದಡಿಯ ಬೆವರಿನಿಂದ ದೊರೆಯುವ ತಂಪು ಅತ್ಯಲ್ಪ. ಅದು ಮುಖ್ಯವಾಗಿ ನಾಲಿಗೆ ಹೊರಚಾಚಿ ತೇಕುವುದರ ಮೂಲಕ ಬಾಯಿ ಮತ್ತು ಶ್ವಾಸನಾಳದ ತೇವಾಂಶವನ್ನು ಆವಿಯಾಗಿಸಿ ಶಾಖವನ್ನು ಹೊರಹಾಕುತ್ತದೆ. ಗಾಳಿಯಲ್ಲಿ ತೇವಾಂಶ ಹೆಚ್ಚಿದ್ದಾಗ ಈ ಆವಿಯಾಗುವಿಕೆ ಕುಂಠಿತವಾಗುತ್ತದೆ. ಮಂಗಳೂರು, ಉಡುಪಿ, ಕಾರವಾರದಂತಹ ಊರುಗಳಲ್ಲಿ ಉಷ್ಣಾಂಶವು 35 ಡಿಗ್ರಿಗಿಂತ ಕಡಿಮೆ ಇದ್ದರೂ ನಾಯಿಗಳು ಬಳಲುವುದಕ್ಕೆ ಇದೇ ಕಾರಣ.

ಆರೋಗ್ಯವಂತ ನಾಯಿಯ ದೇಹದ ಉಷ್ಣಾಂಶವು ಸಾಮಾನ್ಯವಾಗಿ 101ರಿಂದ 102.5 ಡಿಗ್ರಿ ಫ್ಯಾರನ್‌ಹೀಟ್ ಇರುತ್ತದೆ. ಶಾಖದಿಂದಾಗಿ ಇದು 105 ಡಿಗ್ರಿಯನ್ನು ದಾಟಿದಲ್ಲಿ ತುರ್ತು ಪರಿಸ್ಥಿತಿಯೆಂದು ಪರಿಗಣಿಸಬೇಕು.

ಹೆಚ್ಚಿನ ಅಪಾಯಕ್ಕೆ ಒಳಗಾಗುವ ನಾಯಿಗಳು: ಪಗ್, ಬುಲ್‌ಡಾಗ್, ಬಾಕ್ಸರ್, ಶಿಹ್ ತ್ಸು ಮುಂತಾದ ಚಪ್ಪಟೆ ಮೂಗಿನ ತಳಿಗಳು, ಸೈಬೀರಿಯನ್ ಹಸ್ಕಿ, ಸೇಂಟ್ ಬರ್ನಾರ್ಡ್ ಮುಂತಾದ ಶೀತಪ್ರದೇಶದ ದಟ್ಟ ರೋಮದ ತಳಿಗಳು, ಮರಿಗಳು, ವಯಸ್ಸಾದ ನಾಯಿಗಳು, ಸ್ಥೂಲಕಾಯದ ನಾಯಿಗಳು ಹಾಗೂ ಹೃದಯ ಅಥವಾ ಶ್ವಾಸಕೋಶದ ಕಾಯಿಲೆ ಇರುವ ನಾಯಿಗಳು.

ಲಕ್ಷಣಗಳು: ನಿಲ್ಲದ ತೀವ್ರ ತೇಕುವಿಕೆ, ಗಟ್ಟಿಯಾದ ಅಂಟು ಜೊಲ್ಲು, ವಸಡು ಮತ್ತು ನಾಲಿಗೆ ಕಡುಗೆಂಪಾಗುವುದು, ತೂರಾಡುವ ನಡಿಗೆ, ಕರೆದರೂ ಗಮನಿಸದಿರುವುದು, ವಾಂತಿ, ರಕ್ತಮಿಶ್ರಿತ ಭೇದಿ, ಕುಸಿದು ಬೀಳುವುದು ಮತ್ತು ಸೆಳೆತ.

ಪ್ರಥಮ ಚಿಕಿತ್ಸೆ: ಮೊದಲು ತಂಪಾಗಿಸುವುದು, ನಂತರ ಸಾಗಿಸುವುದು ಎಂಬ ಕ್ರಮವನ್ನು ಅನುಸರಿಸಬೇಕು. ನಾಯಿಯನ್ನು ನೆರಳಿಗೆ ತಂದು, ಲಭ್ಯವಿರುವ ಯಾವುದೇ ತಣ್ಣೀರನ್ನು ತಲೆಯನ್ನು ಬಿಟ್ಟು ಮೈಮೇಲೆಲ್ಲಾ, ಹೊಟ್ಟೆ ಮತ್ತು ತೊಡೆಸಂದಿಗೆ ತಲುಪುವಂತೆ ಸುರಿಯುತ್ತಿರಬೇಕು. ಜೊತೆಗೆ ಫ್ಯಾನ್ ಹಾಕಬೇಕು ಅಥವಾ ಬೀಸಣಿಗೆಯಿಂದ ಗಾಳಿ ಬೀಸಬೇಕು. ಮಂಜುಗಡ್ಡೆ ತರಲು ಹೋಗಿ ಕಾಲಹರಣ ಮಾಡಬಾರದು. ಒದ್ದೆ ಬಟ್ಟೆಯನ್ನು ಮೈಮೇಲೆ ಹೊದಿಸಿ ಹಾಗೆಯೇ ಬಿಡಬಾರದು. ಅದು ಬೇಗನೆ ಬಿಸಿಯಾಗಿ ಶಾಖವನ್ನು ಒಳಗೇ ಹಿಡಿದಿಡುತ್ತದೆ. ಪ್ರಜ್ಞೆ ಇದ್ದಲ್ಲಿ ಮಾತ್ರ ಕುಡಿಯಲು ನೀರು ಇಡಬೇಕು. ಬಾಯಿಗೆ ಬಲವಂತವಾಗಿ ಹೊಯ್ಯಬಾರದು. ತೇಕುತ್ತಿರುವ ನಾಯಿಯ ಬಾಯಿಗೆ ಪಟ್ಟಿ ಅಥವಾ ಬಿಗಿಯಾದ ಕುಕ್ಕೆ ಕಟ್ಟಬಾರದು. ಉಷ್ಣತಾಮಾಪಕವಿದ್ದಲ್ಲಿ, ಗುದದ್ವಾರದ ಉಷ್ಣಾಂಶವು 103.5 ಡಿಗ್ರಿ ಫ್ಯಾರನ್‌ಹೀಟ್‌ಗೆ ಇಳಿದಾಗ ನೀರು ಹಾಕುವುದನ್ನು ನಿಲ್ಲಿಸಬೇಕು.

ನಾಯಿಯು ಎದ್ದು ನಿಂತು ಚೇತರಿಸಿಕೊಂಡಂತೆ ಕಂಡರೂ ಪಶುವೈದ್ಯರ ತಪಾಸಣೆ ಕಡ್ಡಾಯವಾಗಿ ಆಗಬೇಕು. ಮೂತ್ರಪಿಂಡ, ಯಕೃತ್ತು ಮತ್ತು ರಕ್ತ ಹೆಪ್ಪುಗಟ್ಟುವ ವ್ಯವಸ್ಥೆಗೆ ಆದ ಹಾನಿಯು ಒಂದರಿಂದ ಮೂರು ದಿನಗಳ ನಂತರ ಪ್ರಕಟವಾಗುವ ಸಾಧ್ಯತೆಯಿದೆ.

8. ಮನೆಯಲ್ಲಿ ಮತ್ತು ಪ್ರಯಾಣದಲ್ಲಿ ಪಾಲಿಸಬೇಕಾದ ಸೂಚನೆಗಳು

ಅ) ಕುಡಿಯುವ ನೀರು ದಿನವಿಡೀ ನೆರಳಿನಲ್ಲಿ ಲಭ್ಯವಿರಬೇಕು. 10 ಕಿಲೋಗ್ರಾಂ ತೂಕದ ನಾಯಿಗೆ ಸಾಮಾನ್ಯ ದಿನಗಳಲ್ಲಿಯೇ ಸುಮಾರು ಅರ್ಧ ಲೀಟರ್ ನೀರು ಬೇಕಾಗುತ್ತದೆ. ಬೇಸಿಗೆಯಲ್ಲಿ ಇದರ ಪ್ರಮಾಣ ಹೆಚ್ಚುತ್ತದೆ. ಮಣ್ಣಿನ ಪಾತ್ರೆಯಲ್ಲಿ ನೀರು ತಂಪಾಗಿರುತ್ತದೆ. ಉಪ್ಪು, ಮೆಣಸಿನಕಾಯಿ, ಈರುಳ್ಳಿ ಅಥವಾ ಒಗ್ಗರಣೆ ಹಾಕಿದ ಮಜ್ಜಿಗೆಯನ್ನು ನೀಡಬಾರದು.

ಆ) ನಾಯಿಯನ್ನು ತಾರಸಿಯಲ್ಲಿ, ತಗಡಿನ ಗೂಡಿನಲ್ಲಿ ಅಥವಾ ನೆರಳು ಸರಿದುಹೋಗುವ ಜಾಗದಲ್ಲಿ ಕಟ್ಟಿಹಾಕಬಾರದು. ಬೆಳಿಗ್ಗೆ ನೆರಳಿದ್ದ ಜಾಗವು ಮಧ್ಯಾಹ್ನ ಬಿಸಿಲಿಗೆ ಒಡ್ಡಿಕೊಳ್ಳಬಹುದು.

ಇ) ನಿಲ್ಲಿಸಿದ ಕಾರಿನಲ್ಲಿ ನಾಯಿಯನ್ನು ಬಿಟ್ಟು ಹೋಗಬಾರದು. ಬಿಸಿಲಿನಲ್ಲಿರುವ ಕಾರಿನ ಒಳಗಿನ ಉಷ್ಣಾಂಶವು 10 ನಿಮಿಷಗಳಲ್ಲಿಯೇ ಸುಮಾರು 10 ಡಿಗ್ರಿ ಸೆಲ್ಸಿಯಸ್‌ನಷ್ಟು ಏರಬಹುದು. ಕಿಟಕಿಯ ಗಾಜನ್ನು ಸ್ವಲ್ಪ ಇಳಿಸಿದ ಮಾತ್ರಕ್ಕೆ ಇದು ತಪ್ಪುವುದಿಲ್ಲ.

ಈ) ದಟ್ಟ ರೋಮದ ನಾಯಿಗಳ ಮೈಯನ್ನು ಪೂರ್ಣವಾಗಿ ಬೋಳಿಸಬಾರದು. ಉದುರಿದ ರೋಮವನ್ನು ಪ್ರತಿದಿನ ಬಾಚಿ ತೆಗೆದರೆ ಗಾಳಿಯಾಡಲು ಅನುಕೂಲವಾಗುತ್ತದೆ.

ಉ) ಹೊಲ ಕಾಯುವ ಹಾಗೂ ಕುರಿಮಂದೆಯೊಂದಿಗೆ ಸಾಗುವ ನಾಯಿಗಳಿಗೆ ಮಧ್ಯಾಹ್ನದ ವೇಳೆ ಮರದ ನೆರಳಿನಲ್ಲಿ ವಿಶ್ರಾಂತಿ ಮತ್ತು ನೀರು ಒದಗಿಸಬೇಕು. ಮಂದೆಯನ್ನು ಹೆದ್ದಾರಿಯ ಮೇಲೆ ಸಾಗಿಸುವುದು ಅನಿವಾರ್ಯವಾದಲ್ಲಿ ಬೆಳಗಿನ ವೇಳೆಯನ್ನು ಆರಿಸಿಕೊಳ್ಳುವುದು ಸೂಕ್ತ.

9. ಮುಧೋಳ ಹಾಗೂ ನಾಡತಳಿಯ ನಾಯಿಗಳು

ಬಾಗಲಕೋಟೆ ಜಿಲ್ಲೆಯ ಮುಧೋಳ ನಾಯಿಯು ರಾಜ್ಯದ ಹೆಮ್ಮೆಯ ತಳಿಯಾಗಿದ್ದು, 2005ರಲ್ಲಿ ಭಾರತೀಯ ಅಂಚೆ ಇಲಾಖೆಯು ಇದರ ಚಿತ್ರವುಳ್ಳ ಅಂಚೆಚೀಟಿಯನ್ನು ಹೊರತಂದಿದೆ. ತೆಳ್ಳನೆಯ ಮೈಕಟ್ಟು, ಉದ್ದ ಮೂತಿ ಹಾಗೂ ಗಿಡ್ಡ ರೋಮದಿಂದಾಗಿ ಈ ತಳಿಯು ಬಯಲುಸೀಮೆಯ ಬಿಸಿಲನ್ನು ಇತರ ಹಲವು ತಳಿಗಳಿಗಿಂತ ಚೆನ್ನಾಗಿ ತಾಳಿಕೊಳ್ಳುತ್ತದೆ. ಆದರೆ ಈ ಸಹಿಷ್ಣುತೆಯು ಪಾದದ ಮೆತ್ತೆಗೆ ಅನ್ವಯಿಸುವುದಿಲ್ಲ. ಮಣ್ಣಿನ ನೆಲದಲ್ಲಿ ಓಡಾಡಿ ಬೆಳೆದ ಮುಧೋಳ ನಾಯಿಯನ್ನು ನಗರಕ್ಕೆ ತಂದು ಮಧ್ಯಾಹ್ನ ಡಾಂಬರಿನ ಮೇಲೆ ನಡೆಸಿದರೆ ಅದರ ಪಾದವೂ ಇತರ ನಾಯಿಗಳ ಪಾದದಂತೆಯೇ ಸುಡುತ್ತದೆ. ನಾಡತಳಿ ಎಂಬ ಕಾರಣಕ್ಕೆ ಮುನ್ನೆಚ್ಚರಿಕೆಯನ್ನು ಸಡಿಲಿಸಬಾರದು.

10. ಬೀದಿನಾಯಿಗಳ ಬಗ್ಗೆ

ಬೇಸಿಗೆಯಲ್ಲಿ ಬೀದಿನಾಯಿಗಳು ನೆರಳಿಗಾಗಿ ನಿಲ್ಲಿಸಿದ ವಾಹನಗಳ ಅಡಿಯಲ್ಲಿ ಮಲಗುತ್ತವೆ. ವಾಹನ ಚಾಲನೆ ಮಾಡುವ ಮೊದಲು ಅಡಿಯಲ್ಲಿ ಒಮ್ಮೆ ನೋಡುವುದು ಅವಶ್ಯ. ಮನೆಯ ಮುಂದೆ ನೆರಳಿನಲ್ಲಿ ಒಂದು ಮಣ್ಣಿನ ಪಾತ್ರೆಯಲ್ಲಿ ನೀರು ಇಡುವುದರಿಂದ ಹಲವು ಪ್ರಾಣಿಪಕ್ಷಿಗಳಿಗೆ ಅನುಕೂಲವಾಗುತ್ತದೆ. ನಿಂತ ನೀರಿನಲ್ಲಿ ಡೆಂಗ್ಯೂ ಹರಡುವ ಸೊಳ್ಳೆಗಳು ಬೆಳೆಯುವುದರಿಂದ ಪ್ರತಿದಿನ ಪಾತ್ರೆಯನ್ನು ಉಜ್ಜಿ ತೊಳೆದು ಹೊಸ ನೀರು ತುಂಬಬೇಕು. ಗಾಯಗೊಂಡ ಅಪರಿಚಿತ ನಾಯಿಯನ್ನು ಮಕ್ಕಳು ಮುಟ್ಟದಂತೆ ನೋಡಿಕೊಳ್ಳಬೇಕು.

11. ಕಾನೂನಿನ ಅವಕಾಶಗಳು

ಪ್ರಾಣಿಗಳ ಮೇಲಿನ ಕ್ರೌರ್ಯ ತಡೆ ಅಧಿನಿಯಮ, 1960ರ ಕಲಂ 11ರ ಅನ್ವಯ ಮಾಲೀಕರು ತಮ್ಮ ಪ್ರಾಣಿಗೆ ಸಾಕಷ್ಟು ಆಹಾರ, ನೀರು ಅಥವಾ ಆಶ್ರಯ ಒದಗಿಸದಿರುವುದು ಅಪರಾಧವಾಗಿದೆ. ಅತಿ ಗಿಡ್ಡ ಅಥವಾ ಅತಿ ಭಾರದ ಸರಪಳಿಯಿಂದ ಅಸಮಂಜಸ ಅವಧಿಯವರೆಗೆ ಕಟ್ಟಿಹಾಕುವುದೂ ಇದರ ವ್ಯಾಪ್ತಿಗೆ ಒಳಪಡುತ್ತದೆ. ಜೀವಿಗಳ ಬಗ್ಗೆ ಅನುಕಂಪ ಹೊಂದಿರುವುದನ್ನು ಭಾರತ ಸಂವಿಧಾನದ 51ಎ(ಜಿ) ಅನುಚ್ಛೇದವು ಪ್ರತಿಯೊಬ್ಬ ನಾಗರಿಕನ ಮೂಲಭೂತ ಕರ್ತವ್ಯವೆಂದು ಹೇಳುತ್ತದೆ.

12. ಚಿಕಿತ್ಸಾ ಸೌಲಭ್ಯ ಪಡೆಯುವ ಬಗೆ

ಗ್ರಾಮೀಣ ಪ್ರದೇಶದಲ್ಲಿ ಪ್ರಾಥಮಿಕ ಪಶು ಚಿಕಿತ್ಸಾ ಕೇಂದ್ರ ಹಾಗೂ ಪಶು ಚಿಕಿತ್ಸಾಲಯಗಳನ್ನು, ತಾಲ್ಲೂಕು ಮತ್ತು ಜಿಲ್ಲಾ ಕೇಂದ್ರಗಳಲ್ಲಿ ಪಶು ಆಸ್ಪತ್ರೆ ಹಾಗೂ ಪಾಲಿಕ್ಲಿನಿಕ್‌ಗಳನ್ನು ಸಂಪರ್ಕಿಸಬಹುದು. ಬೆಂಗಳೂರಿನ ಹೆಬ್ಬಾಳ, ಬೀದರ್, ಶಿವಮೊಗ್ಗ ಹಾಗೂ ಹಾಸನದ ಪಶುವೈದ್ಯಕೀಯ ಕಾಲೇಜುಗಳಲ್ಲಿಯೂ ಚಿಕಿತ್ಸಾ ವಿಭಾಗಗಳಿವೆ. ಸಂಚಾರಿ ಪಶು ಚಿಕಿತ್ಸಾ ಸೇವೆಯ ಶುಲ್ಕರಹಿತ ದೂರವಾಣಿ ಸಂಖ್ಯೆ 1962. ಶಾಖಾಘಾತದ ಸಂದರ್ಭದಲ್ಲಿ ವಾಹನ ಬರುವವರೆಗೆ ಸುಮ್ಮನೆ ಕಾಯದೆ, ನಾಯಿಯನ್ನು ತಂಪಾಗಿಸುವ ಕಾರ್ಯವನ್ನು ಮುಂದುವರೆಸಬೇಕು.

ಕರೆ ಮಾಡುವಾಗ ಅಥವಾ ಆಸ್ಪತ್ರೆಗೆ ತೆರಳುವಾಗ ಈ ಕೆಳಕಂಡ ವಿವರಗಳು ಸಿದ್ಧವಿದ್ದಲ್ಲಿ ಚಿಕಿತ್ಸೆ ಬೇಗ ಆರಂಭಿಸಲು ಸಹಾಯವಾಗುತ್ತದೆ:

ಅ) ನಾಯಿಯ ತಳಿ, ವಯಸ್ಸು ಮತ್ತು ಅಂದಾಜು ತೂಕ.
ಆ) ಘಟನೆ ನಡೆದ ಸಮಯ ಮತ್ತು ನಾಯಿಯು ಎಷ್ಟು ಹೊತ್ತು ಬಿಸಿಲಿನಲ್ಲಿತ್ತು ಎಂಬ ವಿವರ.
ಇ) ಈಗಾಗಲೇ ನೀಡಿರುವ ಔಷಧಿ ಅಥವಾ ಹಚ್ಚಿರುವ ಪದಾರ್ಥ.
ಈ) ಲಸಿಕೆಯ ಪುಸ್ತಕ. ರೇಬೀಸ್ ಲಸಿಕೆಯನ್ನು ಮರಿಗೆ ಮೂರು ತಿಂಗಳಾದಾಗ ಹಾಗೂ ನಂತರ ಪ್ರತಿವರ್ಷ ಹಾಕಿಸತಕ್ಕದ್ದು.

ಮುಕ್ತಾಯ

ಮೇಲ್ಕಂಡ ಕ್ರಮಗಳಲ್ಲಿ ಹೆಚ್ಚಿನವುಗಳಿಗೆ ಯಾವುದೇ ಖರ್ಚು ಇರುವುದಿಲ್ಲ. ಹೊರಡುವ ಮೊದಲು ನೆಲವನ್ನು ಕೈಯಿಂದ ಮುಟ್ಟಿ ನೋಡುವುದು, ನಡಿಗೆಯನ್ನು ಬೆಳಗಿನ ಜಾವಕ್ಕೆ ಬದಲಾಯಿಸುವುದು, ನೆರಳು ಮತ್ತು ನೀರನ್ನು ಒದಗಿಸುವುದು ಇಷ್ಟರಿಂದಲೇ ಹೆಚ್ಚಿನ ಅವಘಡಗಳನ್ನು ತಪ್ಪಿಸಬಹುದು. ಸಾಕುನಾಯಿಗಳ ಮಾಲೀಕರು ಹಾಗೂ ಸಾರ್ವಜನಿಕರು ಈ ಮಾಹಿತಿಯ ಸದುಪಯೋಗ ಪಡೆದುಕೊಂಡು, ತಮ್ಮ ನೆರೆಹೊರೆಯವರಿಗೂ ತಿಳಿಸಬೇಕೆಂದು ಕೋರಲಾಗಿದೆ.